ದೊಡವಾಡದ ತನಕ

ನಮ್ಮ ಕಡೆ ‘ಲಕ್ಷ’ ಎಂಬ ಮಾತಿಗೆ ಎರಡು ಅರ್ಥ. ಒಂದು ಗಮನ, ಇನ್ನೊಂದು ಕಾಳಜಿ. ‘ಆಕಿಗೆ ಲಕ್ಷ ಇಲ್ಲ’ ಎಂದರೆ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ ಎಂದೂ ಆಗುತ್ತದೆ, ಮನೆ ಮಕ್ಕಳ ಮೇಲೆ ಅಕ್ಕರೆಯಿಲ್ಲ ಎಂದೂ ಆಗುತ್ತದೆ. ನನ್ನ ಅಕ್ಕನ ಬಗ್ಗೆ ಜನ ಈ ಮಾತನ್ನು ಎಷ್ಟೋ ಸಲ ಆಡಿದರು. ಯಾವ ಅರ್ಥದಲ್ಲಿ ಎಂದು ನಾವು ಕೇಳಲಿಲ್ಲ. ಅಕ್ಕ ಹೋದ ಕಾರ್ತಿಕದಲ್ಲಿ ತೀರಿಕೊಂಡಳು. ಅಂದಿನಿಂದ ಆ ಮಾತೇ ನನ್ನ ತಲೆಯಲ್ಲಿ ಓಡಾಡುತ್ತಿದೆ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ಬೈಲಹೊಂಗಲದ ಬಜಾರಿನಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಅಪ್ಪ ಇರಲಿಲ್ಲ, ಅವ್ವ ಇದ್ದಳು. ಅಕ್ಕನನ್ನು ಸುರೇಬಾನಕ್ಕೆ ಕೊಟ್ಟಿದ್ದೆವು. ಒಂದು ದಿನ ಅವಳ ಗಂಡ ಅವಳನ್ನು ಕರೆತಂದು ನಮ್ಮ ಮನೆಯಲ್ಲಿ ಬಿಟ್ಟು, ಚಹಾ ಕುಡಿದು ಹೊರಟು ನಿಂತ. ಕೆಟ್ಟವನೇನಲ್ಲ. ತಲೆ ತಗ್ಗಿಸಿಕೊಂಡೇ ಅವ್ವನಿಗೆ ಹೇಳಿದ, “ನಮ್ಮವ್ವ ಹೇಳಿ ಕಳಿಸ್ಯಾಳ್ರಿ ಅತ್ತಿ. ಒಲಿ ಮ್ಯಾಲ ಹಾಲಿಟ್ಟು ನೀರಿಗಿ ಹೋಗ್ತಾಳ. ನೀರಿಗಿ ಹೋದಾಕಿ ಕೊಡಾ ಅಲ್ಲೇ ಬಿಟ್ಟು ಮಂದಿ ಮನ್ಯಾಗ ಕುಂದರ್ತಾಳ. ಮೊನ್ನಿ ಕೂಸಿನ್ನ ಬಾವಿ ಕಟ್ಟಿ ಮ್ಯಾಲ ಕುಂದರಿಸಿ ಬಂದಿದ್ಲು. ಔಷಧ ಮಾಡಿಸಿ ನೆಟ್ಟಗಾದ ಮ್ಯಾಲ ಕಳಸ್ರಿ.”

ಆ ಕೂಸು ಅವಳ ಮಗಳು. ಇನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ. ಅದನ್ನು ಸುರೇಬಾನದಲ್ಲೇ ಇಟ್ಟುಕೊಂಡಿದ್ದರು. ಅಕ್ಕನಿಗೆ ಔಷಧ ಆಗಬೇಕು, ಆಮೇಲೆ ಮಗಳು ಸಿಗಬೇಕು. ಆ ವರ್ಷ ನಮ್ಮ ಮನೆಯಲ್ಲಿ ಬೇರೆ ವಿಷಯವೇ ಇರಲಿಲ್ಲ.

ಮೊದಲು ಊರಿನ ಡಾಕ್ಟರ ಹತ್ತಿರ ಕರೆದೊಯ್ದೆವು. ವಯಸ್ಸಾದವರು. “ಏನ್ ತ್ರಾಸ?” ಎಂದರು. ಅಕ್ಕ ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು, “ಲಕ್ಷ ಇಲ್ರಿ ಇಕಿಗೆ.”

“ಗಂಡನ ಮನಿ ಮ್ಯಾಲ ಲಕ್ಷ ಇಲ್ಲಂದ್ರ ಅದಕ್ಕ ನನ್ನ ಕಡೆ ಸೂಜಿ ಇಲ್ಲಬೇ,” ಎಂದು ಅವರು ನಕ್ಕರು. ಅಕ್ಕನ ಕಡೆ ತಿರುಗಿ ಗಂಡ, ಅತ್ತೆ, ಸಂಸಾರ ಎಂದು ಬುದ್ಧಿ ಹೇಳಿದರು. ಶಕ್ತಿಗೆಂದು ಕೆಂಪು ಟಾನಿಕ್ ಕೊಟ್ಟರು. ಅದನ್ನು ಕುಡಿಯುವುದನ್ನೂ ಅಕ್ಕ ಮರೆಯುತ್ತಿದ್ದಳು. ಕಿತ್ತೂರಿನಲ್ಲಿ ಒಬ್ಬರು ತಲೆಗೆ ಎಣ್ಣೆ ಹಾಕುತ್ತಾರೆ ಎಂದು ಯಾರೋ ಹೇಳಿದರು, ಅದೂ ಆಯಿತು. ಎಣ್ಣೆಯಿಂದ ಕೂದಲು ಮಾತ್ರ ದಟ್ಟವಾಯಿತು.

ಮನೆಯಲ್ಲಿ ಕುಳಿತರೆ ಅವಳಿಗೆ ಮಗಳ ನೆನಪು ಎಂದು ನಾನೇ ಅಂಗಡಿಗೆ ಕರೆದುಕೊಂಡು ಹೋಗತೊಡಗಿದೆ. ಅಂಗಿಗಳ ಗುಂಡಿ ತೂರುವ ಕಂಡಿಗೆ ಕಾಜ ಹೊಲಿಯುವ ಕೆಲಸ ಕೊಟ್ಟೆ. ಮನೆಯಲ್ಲಿ ಅರ್ಧ ರೊಟ್ಟಿ ಬಡಿದು ಎದ್ದು ಹೋಗುವವಳು ನನ್ನ ಮಗ್ಗುಲಲ್ಲಿ ಕುಳಿತು ಇಡೀ ಅಂಗಿಯ ಕಾಜ ಮುಗಿಸುತ್ತಿದ್ದಳು. ನೂಲು ಇರುವೆ ಸಾಲಿನಂತೆ ಒತ್ತೊತ್ತಾಗಿ ಬೀಳುತ್ತಿತ್ತು. ನನ್ನ ಮಷೀನು ಓಡುತ್ತಿರಬೇಕು, ಅಷ್ಟೇ. ನಾನು ಚಹಾಕ್ಕೆ ಎದ್ದರೆ ಅವಳೂ ಎದ್ದಳೆಂದೇ ಲೆಕ್ಕ. ಸೂಜಿ ಎಲ್ಲೋ, ಅಂಗಿ ಎಲ್ಲೋ. “ನಿನ್ನ ಧಾರವಾಡಕ್ಕ ಕಳಸಬೇಕವಾ,” ಎಂದು ನಾನು ನಗುತ್ತಿದ್ದೆ. ಅವಳೂ ನಗುತ್ತಿದ್ದಳು. ನಮ್ಮ ಸೀಮೆಯಲ್ಲಿ ಎಲ್ಲರೂ ಎಲ್ಲರಿಗೂ ಅನ್ನುವ ಮಾತು ಅದು. ಧಾರವಾಡದಲ್ಲಿ ಹುಚ್ಚರ ಆಸ್ಪತ್ರೆ ಇದೆ ಎಂಬುದು ಸಣ್ಣ ಮಕ್ಕಳಿಗೂ ಗೊತ್ತು.

ಮಗ್ಗುಲಲ್ಲಿ ಒಬ್ಬರು ಕೆಲಸ ಮಾಡುತ್ತಿದ್ದರೆ ಅವಳಿಂದಲೂ ಆಗುತ್ತದೆ ಎಂಬುದು ನನ್ನ ಕಣ್ಣೆದುರಿಗೇ ಇತ್ತು. ಸುರೇಬಾನಕ್ಕೆ ಹೋಗಿ ಅವಳ ಅತ್ತೆಗೆ ಅದೊಂದನ್ನೇ ಹೇಳಿ ಬರಬಹುದಿತ್ತು. ನನಗೆ ಹೊಳೆಯಲಿಲ್ಲ. ನನಗೆ ಕಾಜ ಚೆನ್ನಾಗಿ ಬಂದವು ಎಂಬುದಷ್ಟೇ ಕಂಡಿತು.

ಅವ್ವ ಹರಕೆ ಹೊತ್ತು ಅಕ್ಕನನ್ನು ಸವದತ್ತಿ ಗುಡ್ಡಕ್ಕೆ ಕರೆದೊಯ್ದಾಗ ನಾನೂ ಹೋಗಿದ್ದೆ. ಇಳಿದು ಬರುವಾಗ ಅಕ್ಕ ಕುಂಟುತ್ತಿದ್ದಳು. ನೋಡಿದರೆ ಅಂಗಾಲಲ್ಲಿ ಜಾಲಿ ಮುಳ್ಳು. ಪೇಟೆಯಲ್ಲಿ ಒಬ್ಬ ಡಾಕ್ಟರ ಹತ್ತಿರ ತೋರಿಸಿದೆವು. ಚಿಕ್ಕ ವಯಸ್ಸಿನವರು.

“ಮುಳ್ಳು ಇಷ್ಟ ಒಳಗ ಹೋಗೂತನಕ ಗೊತ್ತಾಗಲಿಲ್ಲೇನಬೇ?”

“ಗೊತ್ತಾಗಿತ್ರಿ. ಆಮ್ಯಾಲ ಮರತೆ,” ಎಂದಳು ಅಕ್ಕ.

ಡಾಕ್ಟರು ನಕ್ಕರು. ಆಮೇಲೆ ನಗು ನಿಲ್ಲಿಸಿ ಚಿಮಟ ಕೆಳಗಿಟ್ಟರು. ಅವ್ವ ತನ್ನ ಹಳೆಯ ಮಾತು ತೆಗೆದಳು, “ಇಕಿಗೆ ಲಕ್ಷ—”

“ನೀವು ಸುಮ್ಮನಿರ್ರಿ ಅವ್ವಾರ. ಆಕಿ ಹೇಳ್ಲಿ.”

ಅವಳನ್ನೇ ಕೇಳಿದ್ದು ಅದೇ ಮೊದಲು. ಅಕ್ಕ ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುವಿದಳು. “ತಲಿಯೊಳಗ ಸಂತಿ ನೆರದಂಗ ಇರತೈತ್ರಿ ಸಾಹೇಬ್ರ. ಎಲ್ಲಾರೂ ಒಮ್ಮೆಲೆ ಕರೀತಾರ. ಹಾಲು ಕರಿತೈತಿ, ಕೊಡಾ ಕರಿತೈತಿ, ಕೂಸು ಅಳತೈತಿ. ಒಂದರ ಕಡೆ ಹೊಂಟ್ರ ಇನ್ನೊಂದು ಕೈ ಹಿಡದು ಜಗ್ಗತೈತಿ. ನನ್ನ ಮಗಳ ಮ್ಯಾಲ ನನಗ ಜೀವ ಐತ್ರಿ. ಇಲ್ಲಂತಾರ. ಐತ್ರಿ.”

ಡಾಕ್ಟರು ಮತ್ತೆ ಚಿಮಟ ಎತ್ತಿಕೊಂಡು ಮುಳ್ಳು ಕಿತ್ತರು. “ಇದು ಏನಂತ ನನಗ ಗೊತ್ತಿಲ್ಲ,” ಎಂದು ನನಗೆ ಹೇಳಿದರು. “ಸೊಕ್ಕಂತೂ ಅಲ್ಲ. ಧಾರವಾಡದಾಗ ಮನಸ್ಸಿನ ಡಾಕ್ಟರ್ ಅದಾರ. ಒಮ್ಮೆ ಕರಕೊಂಡ ಹೋಗ್ರಿ. ಹುಚ್ಚಂತ ಅಲ್ಲ, ತಿಳೀತಿಲ್ಲೋ?”

ತಿಳಿಯಿತು ಎಂದೆ.

ಅವ್ವ ಊರಿಗೆ ಬಂದ ಮೇಲೆ ಯಾರಿಗೂ ಹೇಳಬೇಡ ಎಂದಳು. ನಾನು ಅಂಗಡಿ ಮುಚ್ಚಿ ಅಕ್ಕನನ್ನು ಧಾರವಾಡದ ಬಸ್ಸಿಗೆ ಹತ್ತಿಸಿದೆ. ಅವಳು ಹೊಸ ಇಳಕಲ್ ಸೀರೆ ಉಟ್ಟಿದ್ದಳು. ರೊಟ್ಟಿಯ ಗಂಟು ತೊಡೆಯ ಮೇಲೆ. “ಈ ಡಾಕ್ಟರ್ ಗುಣಾ ಮಾಡಿದ್ರ ದೀಪಾವಳಿಗಿ ಸುರೇಬಾನದಾಗ ಇರತೇನಿ ನೋಡೊ ತಮ್ಮಾ,” ಎಂದು ಕಿಟಕಿಯಾಚೆ ನೋಡುತ್ತ ಹೇಳಿದಳು.

ಬಸ್ಸು ಊರು ಬಿಡುವ ಮೊದಲು ಒಬ್ಬ ಹಿರಿಯರು ಹತ್ತಿದರು. ಅಕ್ಕನ ಅತ್ತೆಯ ಅಣ್ಣ. ನಮ್ಮ ಎದುರಿಗೇ ಕುಳಿತರು.

“ಏನೋ ತಮ್ಮಾ, ಅಕ್ಕ ತಮ್ಮ ಕೂಡಿ ಎಲ್ಲಿಗಿ ಹೊಂಟೀರಿ?”

ಅವರಿಗೆ ನಿಜ ಹೇಳಿದರೆ ಸಂಜೆಯೊಳಗೆ ಸುರೇಬಾನಕ್ಕೆ ಮುಟ್ಟುತ್ತದೆ ಎನಿಸಿತು. ಹುಚ್ಚಿ ಎಂದು ಗೊತ್ತಾದರೆ ಮಗಳನ್ನು ಯಾರು ಕೊಡುತ್ತಾರೆ? “ದೊಡವಾಡಕ್ಕರಿ,” ಎಂದುಬಿಟ್ಟೆ. “ಎಮ್ಮಿ ನೋಡಾಕ.”

“ದರ್ಜಿಗೆ ಎಮ್ಮಿ ಯಾಕೊ? ಅದಕ್ಕೂ ಅಂಗಿ ಹೊಲೀತಿಯೇನು?” ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅಕ್ಕ ನನ್ನ ಮುಖ ನೋಡಿದಳು. ರೊಟ್ಟಿಯ ಗಂಟನ್ನು ಮಗ್ಗುಲಿಗಿಟ್ಟಳು.

ಅವರು ಹೋಗುತ್ತಿದ್ದದ್ದು ಧಾರವಾಡಕ್ಕೇ. ದೊಡವಾಡ ಬಂದಾಗ ಅವರೇ ಕಾಳಜಿಯಿಂದ ಕೂಗಿದರು, “ದೊಡವಾಡ ಬಂತು, ಇಳೀರಪಾ. ಕಂಡಕ್ಟರ್, ನಿಂದರಸ್ರಿ, ನಮ್ಮ ಮಂದಿ ಅದಾರ.”

“ಇವರದು ಧಾರವಾಡ ಟಿಕೆಟ್ ಐತಲ್ರಿ,” ಎಂದ ಕಂಡಕ್ಟರ್.

“ತಪ್ಪಿ ತಗೊಂಡೇನಿ,” ಎಂದೆ.

“ಹಿಂಗ ಟಿಕೆಟ್ ತಗೊಂಡ್ರ ನಿನ್ನ ಧಾರವಾಡಕ್ಕ ಕಳಸಬೇಕಾಕ್ಕೈತಿ!” ಎಂದರು ಹಿರಿಯರು. ಮತ್ತೆ ಎಲ್ಲರೂ ನಕ್ಕರು. ನಾವು ಇಳಿದೆವು. ಬಸ್ಸು ಹೋಯಿತು.

ಧೂಳು ಕೂತ ಮೇಲೆ ಅಕ್ಕ ತನ್ನ ಕೈ ನೋಡಿಕೊಂಡಳು. “ಗಂಟು ಬಸ್ಸಿನ್ಯಾಗ ಉಳೀತೊ.” ಬಸ್ಸು ಹೋದ ದಾರಿ ನೋಡಿ, “ಹೋಗ್ಲಿ ಬಿಡು. ನಮ್ಮ ರೊಟ್ಟಿ ಆದ್ರೂ ಧಾರವಾಡ ಮುಟ್ಟತಾವಲ್ಲ,” ಎಂದು ನಕ್ಕಳು. ನಿಜವಾಗಿಯೂ ನಕ್ಕಳು. ನನಗೆ ಅದು ನೆನಪಿದೆ. “ಎಮ್ಮಿ ನೋಡೂಣ ನಡಿ. ನಿನ್ನ ಸುಳ್ಳರ ಖರೇ ಆಗ್ಲಿ,” ಎಂದಳು.

ಯಾರದೋ ಹಿತ್ತಲಲ್ಲಿ ಎಮ್ಮೆ ನೋಡಿದೆವು. ಮುಂದಿನ ಬಸ್ಸಿಗೆ ಧಾರವಾಡಕ್ಕೆ ಹೋಗಬಹುದಿತ್ತು. ಹಿರಿಯರು ಅಲ್ಲಿ ಬಸ್ ಸ್ಟ್ಯಾಂಡಿನಲ್ಲೇ ಇದ್ದರೆ ಎಂದು ಹೆದರಿದೆ. ಬೈಲಹೊಂಗಲದ ಬಸ್ಸು ಮೊದಲು ಬಂತು. ಹತ್ತಿದೆವು. ಅವ್ವನಿಗೆ ಡಾಕ್ಟರ್ ರಜೆ ಮೇಲೆ ಇದ್ದರು ಎಂದು ಹೇಳಿದೆ. ಅಕ್ಕ ಅದನ್ನೂ ತಿದ್ದಲಿಲ್ಲ.

ಮತ್ತೆ ಹೋಗಲಿಲ್ಲ. ಹೋಗಬಾರದು ಎಂದು ತೀರ್ಮಾನಿಸಿದ್ದೂ ಇಲ್ಲ. ಹಬ್ಬದ ಬಟ್ಟೆ, ಮದುವೆ ಬಟ್ಟೆ ಎಂದು ಅಂಗಡಿಯಲ್ಲಿ ಕೆಲಸ ಬಂತು. ಸುರೇಬಾನಕ್ಕೆ ‘ಔಷಧ ನಡದೈತಿ’ ಎಂದು ಹೇಳಿ ಕಳಿಸುತ್ತಿದ್ದೆವು. ಅವರು ಕಾದರು. ಆಮೇಲೆ ಕಾಯುವುದನ್ನು ಬಿಟ್ಟು ಮಗನಿಗೆ ಬೇರೆ ಹೆಣ್ಣು ತಂದರು. ಅಕ್ಕನ ಮಗಳು ಬೇಸಿಗೆ ಸೂಟಿಯಲ್ಲಿ ಬಂದು ಹೋಗುವವಳಾದಳು. ಅಕ್ಕ ಮಾತ್ರ ಉಳಿದಷ್ಟೂ ವರ್ಷ ನನ್ನ ಮಷೀನಿನ ಮಗ್ಗುಲಲ್ಲಿ ಕುಳಿತು ಊರಿನ ಗಂಡಸರ ಅಂಗಿಗಳಿಗೆ ಕಾಜ ಹೊಲಿದಳು. ನನ್ನ ಮೇಲೆ ಒಮ್ಮೆಯೂ ಸಿಟ್ಟು ಮಾಡಲಿಲ್ಲ. ಎಲ್ಲಿಗಾದರೂ ಹೊರಟು ಅರ್ಧಕ್ಕೆ ತಿರುಗಿ ಬಂದರೆ, “ದೊಡವಾಡ ಆತು,” ಎನ್ನುತ್ತಿದ್ದಳು. ಮನೆಯ ಮಕ್ಕಳಿಗೂ ಆ ಮಾತು ರೂಢಿಯಾಯಿತು. ಅವರು ಆಡಿದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಅಕ್ಕನ ಮಗಳು ಈಗ ಬೈಲಹೊಂಗಲದಲ್ಲೇ ಇದ್ದಾಳೆ, ಶಾಲೆಯಲ್ಲಿ ಕಲಿಸುತ್ತಾಳೆ. ಅಕ್ಕನ ದಿನಕರ್ಮ ಮುಗಿದ ಮೇಲೆ ನನ್ನ ಹತ್ತಿರ ಬಂದು ಕುಳಿತಳು. ತಾನು ಧಾರವಾಡದಲ್ಲಿ ಒಬ್ಬ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ, ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ ಎಂದಳು. “ಎಡಿಎಚ್‌ಡಿ ಅಂತಾರ ಮಾಮಾ, ಗಮನ ಒಂದ ಕಡೆ ನಿಲ್ಲೂದಿಲ್ಲ. ದೊಡ್ಡವರಿಗೂ ಇರತದಂತ. ಅವ್ವಗೂ ಅದ ಇತ್ತು ಅನಸ್ತದ. ನಿಮಗೇನನಸ್ತದ?”

ಬಸ್ಸಿನ ಸಂಗತಿ ಹೇಳಿದೆ. ಎಲ್ಲ ಕೇಳಿ, “ಆಗಿನ ಕಾಲಕ್ಕ ಅಲ್ಲೂ ಇದಕ್ಕ ಔಷಧ ಇರತಿರಲಿಲ್ಲ, ಬಿಡ್ರಿ ಮಾಮಾ,” ಎಂದಳು. ಇರಲಿಲ್ಲವೇನೋ. ಆದರೆ ಅಂದು ಹೋಗಿದ್ದರೆ, ಮಗಳನ್ನು ಕಂಡರೆ ಜೀವ ಎಂದು ಅಕ್ಕ ಹೇಳುವುದನ್ನು ಇನ್ನೊಬ್ಬ ಡಾಕ್ಟರು ಕೇಳುತ್ತಿದ್ದರು. ಸುರೇಬಾನದವರಿಗೆ ಒಂದು ಮಾತು ಹೇಳುತ್ತಿದ್ದರು. ದರ್ಜಿಯ ಮಾತಿಗಿಂತ ಡಾಕ್ಟರ ಮಾತು ನಡೆಯುತ್ತಿತ್ತು.

ಹೋದ ತಿಂಗಳು ಅಕ್ಕನ ಮಗಳ ಜೊತೆ ನಾನೂ ಧಾರವಾಡಕ್ಕೆ ಹೋದೆ. ಬಸ್ಸಿನಲ್ಲಿ ಪರಿಚಯದ ಹೆಂಗಸೊಬ್ಬಳು ಎಲ್ಲಿಗೆ ಎಂದಳು. “ಧಾರವಾಡಕ್ಕರಿ, ತಲಿ ಡಾಕ್ಟರ್ ಕಡೆ,” ಎಂದಳು ಇವಳು, ಪೇಟೆಗೆ ಹೋಗುತ್ತೇನೆ ಎನ್ನುವಷ್ಟು ಸಲೀಸಾಗಿ. ಆ ಹೆಂಗಸು “ಹೌದಾ?” ಎಂದು ತನ್ನ ಮೊಣಕಾಲಿನ ನೋವಿನ ಕಥೆ ಶುರು ಮಾಡಿದಳು. ದೊಡವಾಡದಲ್ಲಿ ಬಸ್ಸು ನಿಂತಾಗ ನಾನು ಎದುರಿನ ಸೀಟಿನ ಕಂಬಿ ಹಿಡಿದುಕೊಂಡೆ.

ಡಾಕ್ಟರು ನನ್ನನ್ನೂ ಒಳಗೆ ಕರೆದರು. ಹೆಂಗಸು, ಮೆಲುದನಿ. “ಇವರ ತಾಯಿಗೂ ಹಿಂಗ ಇತ್ತಂತ ಹೇಳಿದ್ರು. ನೀವು ಹತ್ತಿರದಿಂದ ನೋಡೀರಿ. ಹೆಂಗಿದ್ರು?”

‘ಲಕ್ಷ’ ಎಂಬ ಮಾತು ನಾಲಿಗೆಯ ತನಕ ಬಂತು. ನುಂಗಿಕೊಂಡೆ. ಅಕ್ಕ ಸವದತ್ತಿಯಲ್ಲಿ ಹೇಳಿದ್ದನ್ನೇ, ಅವಳ ಮಾತಿನಲ್ಲೇ ಹೇಳಿದೆ. ಸಂತೆ, ಹಾಲು, ಕೊಡ, ಕೂಸು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಕೇಳಿದರು.

“ಎಲ್ಲೆರ ತೋರಿಸಿದ್ರೇನು ಅವರನ್ನ?”

“ಇಲ್ಲಿಗೇ ಹೊಂಟಿದ್ವಿರಿ,” ಎಂದೆ. “ದೊಡವಾಡದ ತನಕ ಬಂದಿದ್ವಿ.”