ಗಣ್ಯರ ಸೋಫಾದ ಮೇಲೆ ಗುತ್ತೆಪ್ಪ

ಬೆಳಗಿನ ಆರು ಗಂಟೆ. ದಾವಣಗೆರೆಯ ಮೈದಾನದಲ್ಲಿ ಕಲಾ ಉತ್ಸವದ ಕೊನೆಯ ದಿನ. ಜನ ಚೆಲ್ಲಿಹೋದ ಮಂಡಕ್ಕಿಯನ್ನು ಕಾಗೆಗಳು ಆರಿಸುತ್ತಿವೆ. ವೇದಿಕೆಯ ಮುಂದೆ ಗುತ್ತೂರಿನ ಗುತ್ತೆಪ್ಪ ಸೋಫಾದ ಬಿಳಿ ಬಟ್ಟೆ ಕೊಡವಿ, ಮತ್ತೆ ಹೊದಿಸಿ, ಸುಕ್ಕು ಸವರುತ್ತಾರೆ. ಸವರಿದ್ದನ್ನೇ ಸವರುತ್ತಾರೆ. ಕಣ್ಣು ಗೇಟಿನ ಕಡೆಗಿದೆ.

“ಸಾಬ್ರು ಬರಬೇಕ್ರಿ. ನಿನ್ನೆ ನಾನು ಇದರ ಮ್ಯಾಲೆ ಕುಂತಿದ್ದೆ.”

ಸಾಬ್ರು ಎಂದರೆ ಹರಿಹರದ ಶಾಮಿಯಾನ ಅಂಗಡಿಯ ನಬೀ ಸಾಬರು. ಗುತ್ತೆಪ್ಪ ಮೀಸೆ ಮೂಡುವ ಮೊದಲೇ ಅವರಲ್ಲಿ ಕೆಲಸಕ್ಕೆ ಸೇರಿದವರು. ಈಗ ಮೀಸೆ ಬೆಳ್ಳಗಾಗಿದೆ. ಮದುವೆ, ಉರುಸು, ನಂದಿಗುಡಿ ಮಠದ ಸಭೆ, ಪಕ್ಷದ ಸಭೆ, ಯಾವುದಕ್ಕೆ ಕಂಬ ನೆಟ್ಟರೂ ಮುಂದಿನ ಸಾಲಿನಲ್ಲಿ ಗಣ್ಯರ ಸೋಫಾ ಇರಲೇಬೇಕು. ಗಣ್ಯರು ಬರುತ್ತಾರೋ ಇಲ್ಲವೋ, ಅದು ಬೇರೆ ಮಾತು. ಬಾರದಿದ್ದರೂ ಜಾಗ ಅವರದೇ. ಜನ ಅದನ್ನು ದೇವರ ಕಟ್ಟೆಯಂತೆ ಸುತ್ತುಹಾಕಿಕೊಂಡು ಹೋಗುತ್ತಾರೆ.

ಹೋದ ವರ್ಷ ಮಲೆಬೆನ್ನೂರಿನ ಸಭೆಯೊಂದರಲ್ಲಿ ತಲೆ ಸುತ್ತಿ ಬಂದ ಮುದುಕಿಯನ್ನು ಗುತ್ತೆಪ್ಪ ಇದೇ ಸೋಫಾದಲ್ಲಿ ಕೂರಿಸಿದ್ದರು. ಅದೇ ಹೊತ್ತಿಗೆ ಬಂದ ಗಣ್ಯರೊಬ್ಬರು ಜಾಗವಿಲ್ಲದೆ ನಿಂತೇ ಇರಬೇಕಾಯಿತು. ದೂರು ಹೋಯಿತು. ನಬೀ ಸಾಬರು ಬೈಯಲಿಲ್ಲ. ಸೋಫಾದ ಉಸ್ತುವಾರಿ ಬಿಡಿಸಿ, ಕಂಬದ ಗುಂಡಿ ತೋಡಲು ಹಾಕಿದರು. ಆಗ ಹಿಡಿದುಕೊಂಡ ಸೊಂಟ ಇನ್ನೂ ಬಿಟ್ಟಿಲ್ಲ.

“ಯುಗಾದಿಗೆ ಸೋಫಾ ವಾಪಸ್ ಕೊಟ್ರು. ಮತ್ತೆ ಹಾರೆ ಹಿಡಿ ಅಂದ್ರೆ ನನ್ ಕೈಲಿ ಆಗಲ್ರಿ. ಕೆಲ್ಸ ಬಿಟ್ಟಂಗೇ.”

ಇಷ್ಟು ತಿಳಿದವರು ಮತ್ತೆ ಅದೇ ತಪ್ಪು ಮಾಡಿದ್ದು ಹೇಗೆ? ಉತ್ಸವದಲ್ಲಿ ಈ ಸಲ ಸ್ಟ್ಯಾಂಡಪ್ ಕಾಮಿಡಿ ಇತ್ತು. ವೇಷವಿಲ್ಲ, ಹಾರ್ಮೋನಿಯಂ ಇಲ್ಲ. ಒಬ್ಬರೇ ನಿಂತು ಮಾತಾಡಿ ನಗಿಸಬೇಕು. ಹಾಗೆ ನಗಿಸಲು ಎದುರಿಗೆ ಮುಖಗಳು ಬೇಕು. ನಿನ್ನೆ ಸಂಜೆ ಹರಿಹರದ ಸಾಯಿಮಾ ಮೊದಲ ಸಲ ಮೈಕ್ ಹಿಡಿದಾಗ ಎದುರಿಗಿದ್ದದ್ದು ಖಾಲಿ ಸೋಫಾ. ಜನರೆಲ್ಲ ಅದರಾಚೆ, ಮಬ್ಬಿನಲ್ಲಿ, ಮಂಡಕ್ಕಿ ಪೊಟ್ಟಣ ಹಿಡಿದು ಕೂತಿದ್ದರು. ಆಯೋಜಕಿ ಆಶಾ ಎಷ್ಟು ಕರೆದರೂ ಒಬ್ಬರೂ ಮುಂದೆ ಬರಲಿಲ್ಲ. ಮೊದಲ ಎರಡು ಜೋಕಿಗೆ ಯಾರೂ ನಗಲಿಲ್ಲ. ಸಾಯಿಮಾ ನೀರು ಕುಡಿದರು.

“ಆ ಹುಡುಗಿ ಖಾಲಿ ಸೋಫಾದ ಜೊತಿಗೆ ಮಾತಾಡ್ತಿದ್ಲು ರೀ. ಅದನ್ನ ಅಲ್ಲಿ ಹಾಕ್ದವ ನಾನು.”

ಬಿಳಿ ಬಟ್ಟೆ ಕೊಳೆಯಾಗಬಾರದೆಂದು ಹೆಗಲ ಮೇಲಿನ ಟವೆಲ್ ಹಾಸಿ, ಗುತ್ತೆಪ್ಪ ತಾವೇ ಸೋಫಾದ ತುದಿಯಲ್ಲಿ ಕೂತರು. ಸಾಯಿಮಾ ತಡಮಾಡಲಿಲ್ಲ. “ಸಾಹೇಬ್ರದು ಯಾವ ಇಲಾಖೆ?”

ಮೈಕ್ ಹಿಡಿದವರು ಮಾತಾಡಿಸಿದರೆ ಎದ್ದು ನಿಲ್ಲುವುದು ಗುತ್ತೆಪ್ಪನವರ ಅಭ್ಯಾಸ. ನಿಂತೇ ಹೇಳಿದರು: “ಶಾಮಿಯಾನ ಇಲಾಖೆ, ಮೇಡಂ.”

“ಕೂಡ್ರಿ, ಕೂಡ್ರಿ. ಇಡೀ ಜಿಲ್ಲೆಯಾಗೆ ಟೈಮಿಗೆ ಬಂದಿರೋದು ನಿಮ್ಮ ಇಲಾಖೆ ಒಂದೇ.”

ನಗು ಹಿಂದಿನ ಸಾಲಿನಿಂದ ಎದ್ದು ಮುಂದಕ್ಕೆ ಬಂತು. ಅದರ ಹಿಂದೆಯೇ ಜನ ಬಂದರು. ಮಕ್ಕಳನ್ನೆತ್ತಿಕೊಂಡ ಹೆಂಗಸರು ಗುತ್ತೆಪ್ಪನವರನ್ನು ಸರಿಸಿ ಸರಿಸಿ ಸೋಫಾ ತುಂಬಿದರು. ಆಮೇಲೆ ಸಾಯಿಮಾ ಬಸ್ ಸ್ಟ್ಯಾಂಡಿನ ಬಗ್ಗೆ ಹೇಳಿದ್ದಕ್ಕೂ ನಗು, ನೀರು ಕುಡಿದಿದ್ದಕ್ಕೂ ನಗು. ಮುಗಿಯುವ ಹೊತ್ತಿಗೆ ಗಣ್ಯರೊಬ್ಬರು ನಿಜಕ್ಕೂ ಬಂದುಬಿಟ್ಟರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಶಾಲು ಹೊದ್ದು, ಮುಖ ಗಂಟಿಕ್ಕಿಕೊಂಡೇ ಹೋದರು. ಅವರ ಕಡೆಯಿಂದ ನಬೀ ಸಾಬರಿಗೆ ಫೋನೂ ಹೋಯಿತು.

ಈಗ ಸಾಬರ ಸ್ಕೂಟರ್ ಗೇಟು ದಾಟುತ್ತದೆ. ಗುತ್ತೆಪ್ಪ ಟವೆಲನ್ನು ಹೆಗಲಿನಿಂದ ತೆಗೆದು ಕೈಗೆ ಸುತ್ತಿಕೊಳ್ಳುತ್ತಾರೆ. ಸಾಬರು ಸೋಫಾ ನೋಡುತ್ತಾರೆ, ಇವರನ್ನು ನೋಡುತ್ತಾರೆ.

“ಹೆಂಗಿತ್ತು?”

ಗುತ್ತೆಪ್ಪ ಸೋಫಾದ ಕಡೆ ಕೈ ತೋರುತ್ತಾರೆ. “ಎಡಗಡೆ ಸ್ಪ್ರಿಂಗು ಚುಚ್ತೈತ್ರಿ.”

ಸಾಬರು ಎಡಗಡೆಯೇ ಕೂರುತ್ತಾರೆ. ಕೂತಷ್ಟೇ ಬೇಗ ಏಳುತ್ತಾರೆ. “ಇಷ್ಟು ವರ್ಷ ಒಬ್ರೂ ಹೇಳಿಲ್ಲಲ್ಲೋ ಗುತ್ತೆಪ್ಪ.”

“ಗಣ್ಯರು ಹೆಂಗ್ ಹೇಳ್ತಾರ್ರಿ.”

ಸಾಬರ ಗಡ್ಡ ಅಲುಗುತ್ತದೆ, ನಕ್ಕರೆಂದು ಕಾಣುತ್ತದೆ. ಉತ್ಸವ ಮುಗಿದ ಮೇಲೆ ಸೋಫಾ ರಿಪೇರಿಗೆ ಹೋಗಲಿ, ಒಯ್ಯುವವನೂ ನೀನೇ, ತಂದು ಹಾಕುವವನೂ ನೀನೇ ಎಂದು ಹೇಳಿ ಸ್ಕೂಟರ್ ಹತ್ತುತ್ತಾರೆ. ಹಾರೆಯ ಮಾತು ಬರುವುದಿಲ್ಲ.

ಸ್ಕೂಟರ್ ಗೇಟು ದಾಟುತ್ತಲೇ ಗುತ್ತೆಪ್ಪ ಮತ್ತೆ ಸೋಫಾದ ಬಳಿಗೆ ಬರುತ್ತಾರೆ. ಆಸೆ ಏನಾದರೂ ಇದೆಯೇ ಎಂದು ಕೇಳಿದರೆ, ಸಾಬರು ಕೂತು ಸುಕ್ಕಾದ ಬಟ್ಟೆಯನ್ನು ಮತ್ತೆ ಸವರುತ್ತಾ ಹೇಳುತ್ತಾರೆ: “ರಿಪೇರಿ ಆದ್ಮ್ಯಾಲೆ ಇನ್ನೊಂದ್ ಸಲ ಕುಂತು ನೋಡಬೇಕ್ರಿ. ಆ ಸಲ ಟವೆಲ್ ಹಾಸಲ್ಲ.”