ದೊರೆಸಾನಿಯ ಕಾಗದದ ಹೆಸರು

ನಮ್ಮಪ್ಪನಿಗೆ ಯಾರ ಹೆಸರೂ ತಲೆಗೆ ಹತ್ತುತ್ತಿರಲಿಲ್ಲ. ನಲವತ್ತು ವರ್ಷದಿಂದ ಇಸ್ತ್ರಿ ಅಂಗಡಿ ನಡೆಸುವವನು, ಪ್ರತಿ ಗಂಟಿಗೂ ತಾನೇ ಇಟ್ಟ ಅಡ್ಡಹೆಸರಿನ ಚೀಟಿ ಸಿಕ್ಕಿಸುತ್ತಿದ್ದ: ಗಡಿಬಿಡಿ ಮೇಷ್ಟ್ರು, ಸಿಡಿಮಿಡಿ ವಕೀಲರು, ನಗದ ಡಾಕ್ಟರು. ಒಮ್ಮೆ ವಕೀಲರು ಬೆನ್ನ ಮೇಲೆ ಆ ಚೀಟಿ ಹೊತ್ತುಕೊಂಡೇ ಕೋರ್ಟಿಗೆ ಹೋಗಿಬಂದರು. ಆದರೂ ಬಟ್ಟೆ ಬೇರೆ ಕಡೆ ಕೊಡಲಿಲ್ಲ, ಪುಣ್ಯಾತ್ಮರು. ನನ್ನ ಹೆಸರು ಮೆಣಸಿನಕಾಯಿ. ಸುಮ್ಮನೆ ಬಂದದ್ದಲ್ಲ, ಒಪ್ಪುತ್ತೇನೆ.

ಅಮ್ಮ ದೊರೆಸಾನಿ. ಮದುವೆಯಾಗಿ ಬಂದ ದಿನ ಅಂಗಡಿಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತು "ನೀರು ಕೊಡಿ" ಅಂದಳಂತೆ. "ಆಯ್ತು ದೊರೆಸಾನಿ" ಅಂದನಂತೆ ಅಪ್ಪ. ಅವಳೇನು ಬಿಟ್ಟವಳೇ? ಅಂದಿನಿಂದ ಅವನನ್ನು ದೊರೆ ಎಂದೇ ಕರೆದಳು. ಇದ್ದಿಲಿನ ಮಸಿ ಮೆತ್ತಿದ ದೊರೆ!

"ದೊರೆ, ಕಾಲರ್ ಸುಟ್ಟೀಯ!"

"ಸುಮ್ನಿರೇ ದೊರೆಸಾನಿ, ನಿನ್ನ ಬಾಯಷ್ಟು ಬಿಸಿ ಇಲ್ಲ ಇದು."

ಬೀದಿಯವರಿಗೆ ಅವಳು ಇಸ್ತ್ರಿ ಅಮ್ಮ. ಅವಳ ನಿಜವಾದ ಹೆಸರು ಕಾಗದಪತ್ರಗಳಲ್ಲಿ ಮಾತ್ರ ಇತ್ತು. ಅಪ್ಪ ಅದನ್ನು ಮದುವೆಯ ದಿನ ಕೇಳಿದ್ದೇ ಕೊನೆ.

ಎದೆನೋವೆಂದು ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ ಆ ಹೆಸರನ್ನು ಬರೆಸಿದವಳು ನಾನೇ. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ರೋಗಿಯ ಹೆಸರು ಹಿಡಿದು ಕೂಗಿದರೆ ಮಾತ್ರ ಹೋಗಬೇಕು. ಅಪ್ಪನಿಗೆ ಅವಳ ಕೈ ಹಿಡಿದುಕೊಂಡು ಕೂತರೆ ಸಾಕಿತ್ತು, ಇನ್ನೇನೂ ಬೇಡವಾಗಿತ್ತು. "ಕರೀತಾರೆ, ಇಲ್ಲಿಂದ ಅಲ್ಲಾಡ್ಬೇಡ" ಎಂದು ಬಾಗಿಲೆದುರಿನ ಬೆಂಚಿನಲ್ಲಿ ಕೂರಿಸಿ ನಾನು ಔಷಧಿ ತರಲು ಹೋದೆ. ಯಾವ ಹೆಸರು ಕೂಗುತ್ತಾರೆಂದು ಹೇಳಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಅಪ್ಪ ಅಲ್ಲಾಡಲಿಲ್ಲ. ನಾನು ಬಂದಾಗ ಅವಳಿಗೆಂದು ಇಸ್ತ್ರಿ ಮಾಡಿ ತಂದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಪಾಪ ಕಣೇ ಮೆಣಸಿನಕಾಯಿ, ಯಾರೋ ಹೆಣ್ಮಗಳು. ನರ್ಸಮ್ಮ ಮೂರು ಸಲ ಬಂದು ಕೂಗಿದ್ರು. ಅವಳ ಕಡೆಯವರು ಅಂತ ಒಬ್ರೂ ಏಳ್ಲಿಲ್ಲ."

"ಏನಂತ ಕೂಗಿದ್ರು?"

ಹೇಳಿದ. ನಾನೇ ಬರೆಸಿದ ಹೆಸರು. ಬಾಗಿಲು ತಳ್ಳಿಕೊಂಡು ಓಡಿದೆ. ಅಮ್ಮನ ಮುಖಕ್ಕೆ ಆಗಲೇ ಬಟ್ಟೆ ಹೊದಿಸಿದ್ದರು.

ನರ್ಸು ನನ್ನ ಭುಜ ಹಿಡಿದು ಕೇಳಿದಳು: "ದೊರೆ ಎಲ್ಲಿ, ದೊರೆ ಎಲ್ಲಿ ಅಂತಿದ್ರು. ನಿಮ್ಮಲ್ಲಿ ದೊರೆ ಅನ್ನೋರು ಯಾರಮ್ಮಾ?"

ಹಾಗೆಂದು ಒಂದೇ ಒಂದು ಸಲ ಕೂಗಿದ್ದರೆ ಅಪ್ಪ ಬಾಗಿಲು ಮುರಿದುಕೊಂಡು ಹೋಗುತ್ತಿದ್ದ. ಅವನ ಮೇಲೆ ಸಿಟ್ಟು ಬಂತು, ನರ್ಸಿನ ಮೇಲೆ ಬಂತು. ಕೊನೆಗೆ ಉಳಿದದ್ದು ನನ್ನ ಮೇಲಿನದು, ಇನ್ನೂ ಹೋಗಿಲ್ಲ.

ಈಗ ಅಪ್ಪ ಅಂಗಡಿಗೆ ಬಂದವರನ್ನೆಲ್ಲ "ನಿಮ್ಮ ಪೂರ್ತಿ ಹೆಸರೇನು ಸ್ವಾಮಿ?" ಎಂದು ಕೇಳಿ ಚೀಟಿಯಲ್ಲಿ ಬರೆಯುತ್ತಾನೆ. "ನಾನೇನಪ್ಪಾ ತಪ್ಪು ಮಾಡ್ದೆ?" ಎಂದು ಗಡಿಬಿಡಿ ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡರು. ನನ್ನನ್ನೂ ಶಾಲೆಯ ಹೆಸರಿನಿಂದಲೇ ಕರೆಯುತ್ತಾನೆ. ನಿನ್ನೆ ತಡೆಯಲಾರದೆ ರೇಗಿಬಿಟ್ಟೆ: "ಅಪ್ಪಾ, ಮೆಣಸಿನಕಾಯಿ ಅನ್ನು. ಒಂದ್ಸಲ ಅನ್ನು."

ಅವನು ಇಸ್ತ್ರಿಪೆಟ್ಟಿಗೆಯಿಂದ ಕಣ್ಣು ತೆಗೆಯಲಿಲ್ಲ.

"ಬೇಡಮ್ಮಾ. ನಾಳೆ ಯಾರಾದ್ರೂ ನಿನ್ನ ಕಡೆಯವರು ಯಾರು ಅಂತ ಕೂಗಿದ್ರೆ, ನಾನು ಏಳ್ಬೇಕಲ್ಲ."