ತುಂಬೆಯೋ ಪಾರ್ಥೇನಿಯಮ್ಮೋ

ಪೀಂ, ಪೀಂ, ಪೀಂ. ಜೆಸಿಬಿ ಹಿಂದಕ್ಕೆ ಬರುವಾಗಿನ ಸದ್ದು. ಆ ವರ್ಷ ಚಳಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಹಲಸೂರಿನ ನಮ್ಮ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಅದು ಶುರುವಾಯಿತು. ಸದ್ದಾದಾಗಲೆಲ್ಲ ನಾನು ಕಾಫಿ ಲೋಟ ಕೆಳಗಿಟ್ಟು ಕಿಟಕಿಗೆ ಹೋಗುತ್ತಿದ್ದೆ. ಎಷ್ಟು ಅಗೆದರು? ತುಂಬೆ ಗಿಡಗಳ ಮೂಲೆ ಉಳಿದಿದೆಯೇ? ಶಿವರಾತ್ರಿ ಹತ್ತಿರ ಬಂದಿತ್ತು. ಅಷ್ಟರೊಳಗೆ ನನ್ನ ಗೆಳತಿ ಅಲ್ಲಿ ಒಂದು ಪರೀಕ್ಷೆ ಪಾಸಾಗಬೇಕಿತ್ತು.

ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ನೇಚರ್ ಸ್ಟಡಿ ಕ್ಲಾಸಿನಲ್ಲಿ ಸಿಸ್ಟರ್ ತೋರಿಸುತ್ತಿದ್ದದ್ದೆಲ್ಲ ಇಂಗ್ಲೆಂಡಿನ ಸ್ಪ್ರಿಂಗ್: ಡೈಸಿ, ಕ್ಲೋವರ್, ಫರ್ಗೆಟ್-ಮಿ-ನಾಟ್. ನಾವು ಅವನ್ನು ಸ್ಕೂಲ್ ಕಾಂಪೌಂಡಿನ ಬುಡದಲ್ಲೇ ಹುಡುಕಿ, ಸಿಕ್ಕೇ ಬಿಟ್ಟವು ಎಂದು ಮನೆಗೆ ಕಿತ್ತು ತಂದೆವು. ಅವಳ ಅಜ್ಜಿ ಹೊಟ್ಟೆ ಹಿಡಿದು ನಕ್ಕರು. "ಅಯ್ಯೋ ಮಂಕುಗಳಾ, ಇದು ಗಬ್ಬುಸಾವಂತಿಗೆ ಕಣ್ರೇ! ಅದು ಹುಳಿಸೊಪ್ಪು. ಈ ನೀಲೀದು ವಿಷ್ಣುಕ್ರಾಂತಿ." ಅಂದಿನಿಂದ ಅದೇ ನಮ್ಮ ಆಟ. ಒಬ್ಬಳು ಸಿಸ್ಟರ್ ಕೊಟ್ಟ ಹೆಸರು ಹೇಳಿದರೆ ಇನ್ನೊಬ್ಬಳು ಅಜ್ಜಿ ಕೊಟ್ಟ ಹೆಸರು ಹೇಳಬೇಕು. ತುಂಬೆಗೆ ಮಾತ್ರ ಸಿಸ್ಟರ್ ಬಳಿ ಹೆಸರಿರಲಿಲ್ಲ. ಎಷ್ಟೋ ಕಾಲದ ಮೇಲೆ ಅವಳು ಒಂಟಿಯಾಗಿ ಲಿಂಗರಾಜಪುರಕ್ಕೆ ಬಂದು ಮನೆ ಮಾಡಿದಾಗ, ಪ್ರತಿ ಸ್ಪ್ರಿಂಗಿಗೂ ಆಟ ಮತ್ತೆ ಶುರುವಾಯಿತು.

ಆಮೇಲೆ ಅವಳ ಕಣ್ಣು ಹೋಗತೊಡಗಿತು. ನೋಟದ ನಟ್ಟನಡುವೆ ಒಂದು ಮಬ್ಬು, ಅಂಚುಗಳು ಮಾತ್ರ ಸ್ವಚ್ಛ. ಇನ್ನೇನೂ ಮಾಡುವಂತಿಲ್ಲ ಎಂದರು ಡಾಕ್ಟರು. ಮೈಸೂರಿನ ತಂಗಿ ಬಾ ಬಾ ಎಂದು ಕರೆಯುತ್ತಲೇ ಇದ್ದಳು. ಇವಳಿಗೆ ತನ್ನ ಸ್ಟವ್ವು, ತನ್ನ ಬೀಗದ ಕೈ ಬಿಟ್ಟುಹೋಗಲು ಇಷ್ಟವಿಲ್ಲ. ಕೊನೆಗೆ ತನಗೆ ತಾನೇ ಷರತ್ತು ಹಾಕಿಕೊಂಡಳು.

"ತುಂಬೆಗೂ ಪಾರ್ಥೇನಿಯಮ್ಮಿಗೂ ಡಿಫರೆನ್ಸ್ ಕಾಣದ ದಿನ ಹೊರಟ್ಬಿಡ್ತೀನಿ ಕಣೇ. ಇವತ್ತು ಶಿವನ ತಲೆ ಮೇಲೆ ಪಾರ್ಥೇನಿಯಂ ಇಟ್ಟೋಳು ನಾಳೆ ಉಪ್ಪಿಟ್ಟಿಗೆ ಸೋಪ್ ಪೌಡರ್ ಹಾಕ್ತಾಳೆ."

ಎರಡೂ ಬಿಳಿ ಹೂವು, ಎರಡೂ ಪಾಳು ನೆಲದವು. ಮುಟ್ಟಿದರೆ ತುಂಬೆಯ ಕಡ್ಡಿ ಚೌಕ, ಕುರುಡರಿಗೂ ತಿಳಿಯುತ್ತದೆ. ಅದಕ್ಕೇ ಮುಟ್ಟುವಂತಿಲ್ಲ, ಕೈ ಹಿಂದೆ ಕಟ್ಟಿ ನೋಡಿಯೇ ಹೇಳಬೇಕು ಎಂಬ ರೂಲ್ ಕೂಡ ಅವಳದೇ.

ಅವಳು ಹೋದರೆ ನನ್ನನ್ನು ಮಂಕು ಎನ್ನುವವರು ಈ ಊರಿನಲ್ಲಿ ಯಾರೂ ಉಳಿಯುವುದಿಲ್ಲ. ಅವಳು ಬರುವ ದಿನ ಬೆಳಿಗ್ಗೆಯೇ ನಾನು ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಸೈಟಿಗಿಳಿದೆ. ತುಂಬೆಯ ನಡುವೆ ಇದ್ದ ಪಾರ್ಥೇನಿಯಮ್ಮನ್ನೆಲ್ಲ ಕೀಳತೊಡಗಿದೆ. ಕೆಲಸಕ್ಕೆಂದು ರಾಯಚೂರಿನಿಂದ ಬಂದು ಅಲ್ಲೇ ಶೆಡ್ಡಿನಲ್ಲಿದ್ದ ಹೆಂಗಸು ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ಏನ್ ಹುಡುಕಾಕತ್ತೀರಿ ಅಮ್ಮಾ? ಉಂಗುರ ಬಿದ್ದೈತೇನು?"

"ಇಲ್ಲಮ್ಮ, ಕ್ಲೀನ್ ಮಾಡ್ತಿದೀನಿ."

"ನಾಳಿ ಇದನ್ನೂ ಅಗಿತಾರ್ರಿ!" ಅವಳಿಗೆ ನಗು ತಡೆಯಲಾಗಲಿಲ್ಲ.

ಗೆಳತಿ ಹನ್ನೊಂದರ ಬಿಸಿಲಿಗೆ ಆಟೋದಲ್ಲಿ ಬಂದಳು. ಕೋಳಿಯಂತೆ ಕತ್ತು ಓರೆ ಮಾಡಿ ನೆಲ ನೋಡುತ್ತ ನಡೆದಳು.

"ಡೈಸಿ," ಎಂದಳು.

"ಗಬ್ಬುಸಾವಂತಿಗೆ," ಎಂದೆ.

ನಾನು "ಕ್ಲೋವರ್" ಎಂದರೆ ಅವಳು "ಹುಳಿಸೊಪ್ಪು" ಎಂದು ಗದ್ದದಿಂದಲೇ ತೋರಿಸಿದಳು. ನಾನು ತುಂಬೆಯ ಮೂಲೆಗೆ ಕರೆದೊಯ್ದೆ.

"ಇದು ತುಂಬೆ. ಇದೂ ತುಂಬೆ. ಅದೂ..." ನಿಂತುಬಿಟ್ಟಳು. "ಪಾರ್ಥೇನಿಯಂ ಎಲ್ಲಿ?"

"ಕಾರ್ಪೊರೇಷನ್‌ನೋರು ಕಿತ್ತಿರ್ಬೇಕು."

"ಓಹೋ! ತುಂಬೆ ಬಿಟ್ಟು ಅದೊಂದನ್ನೇ ಕಿತ್ರಾ? ಭಾರೀ ಶಿವಭಕ್ತರು." ಕಿವಿಯನ್ನು ನನ್ನತ್ತ ತಿರುಗಿಸಿದಳು. "ನೀನ್ಯಾಕೆ ಆವಾಗ್ಲಿಂದ ಪರಪರ ಕೆರ್ಕೋತಿದೀಯ?"

ಕವರ್ ಮಣಿಕಟ್ಟಿನವರೆಗಷ್ಟೇ ಬಂದಿತ್ತು. ಅಲ್ಲಿಂದ ಮೊಣಕೈವರೆಗೂ ದದ್ದು ಎದ್ದು ಉರಿಯುತ್ತಿತ್ತು.

"ಮಂಕೇ, ಈ ವಯಸ್ನಲ್ಲೂ ಕಾಪಿ ಹೊಡೆಸ್ತೀಯಾ? ಸಿಸ್ಟರ್ ಇದ್ದಿದ್ರೆ ಇಬ್ರನ್ನೂ ಬೆಂಚ್ ಮೇಲೆ ನಿಲ್ಲಿಸ್ತಿದ್ರು."

ನಕ್ಕಳು, ನಾನೂ ನಕ್ಕೆ. ಆದರೆ ಅವಳು ಅಲ್ಲಿ ನಿಲ್ಲಲಿಲ್ಲ. ಜೆಸಿಬಿ ಗುಡ್ಡೆ ಹಾಕಿದ್ದ ಮಣ್ಣಿನ ಆಚೆಗೆ, ನಾನು ಮುಟ್ಟದೆ ಬಿಟ್ಟಿದ್ದ ಕಡೆಗೆ, ಕೋಲು ಊರಿಕೊಂಡು ಹೋದಳು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ಕೈ ಹಿಂದೆ ಕಟ್ಟಿದಳು. ಕತ್ತು ಎಡಕ್ಕೆ ಓರೆಯಾಯಿತು, ಬಲಕ್ಕೆ ಓರೆಯಾಯಿತು.

"ತುಂಬೆ," ಎಂದಳು, ಸ್ಪಷ್ಟವಾಗಿ.

ಅವಳ ಮುಂದೆ ಸೊಂಟದೆತ್ತರ ಪಾರ್ಥೇನಿಯಂ, ಹಿಟ್ಟು ಚೆಲ್ಲಿದಂತೆ ಹೂ ಬಿಟ್ಟು ನಿಂತಿತ್ತು. ಹೌದು ಎಂದುಬಿಡಲೇ? ಅಲ್ಲ ಎನ್ನಲೇ? ಜೆಸಿಬಿಯೂ ಆಗಲೇ ಸುಮ್ಮನಾಗಬೇಕೇ!

ಅವಳು ಕಿವಿಯನ್ನು ನನ್ನತ್ತ ತಿರುಗಿಸಿ ಕಾದಳು.

"ಸರಿ ಬಿಡು," ಎಂದಳು. "ಕಾಫಿ ಕೊಡ್ತೀಯಾ?"

ಅವಳನ್ನು ಕೊನೆಯ ಸಲ ನೋಡಿದ್ದು ಯುಗಾದಿ ಕಳೆದ ಮೇಲೆ, ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ. ತಂಗಿ ಮೈಸೂರು ರೈಲಿನೊಳಗೆ ಬ್ಯಾಗುಗಳನ್ನು ಜೋಡಿಸುತ್ತಿದ್ದಳು. ಇವಳು ಕಿಟಕಿ ಪಕ್ಕ ಕುಳಿತಿದ್ದಳು. ನಾನು ಪ್ಲಾಟ್‌ಫಾರ್ಮಿನಲ್ಲಿ ಅವಳೆದುರಿಗೇ ನಿಂತೆ.

"ನೇರ ನೋಡಿದ್ರೆ ನೀನಿಲ್ಲ ಕಣೇ," ಎಂದು ಮುಖವನ್ನು ಪೂರ್ತಿ ಎಂಜಿನ್ನಿನ ಕಡೆಗೆ ತಿರುಗಿಸಿದಳು. "ಹಾಂ, ಈಗ ಸಿಕ್ದೆ ನೋಡು."

ರೈಲು ಹೊರಟಿತು. ಪ್ಲಾಟ್‌ಫಾರ್ಮ್ ಮುಗಿಯುವವರೆಗೂ ಜೊತೆಜೊತೆಗೆ ನಡೆದೆ. ಅವಳು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.